14ನೆಯ ದಿನವೇ ಅಂಡೋತ್ಪತ್ತಿ ಆಗಬೇಕೆಂದಿಲ್ಲ

ನಿಮ್ಮ ಋತುಚಕ್ರ 32ರಿಂದ 36 ದಿನಗಳದ್ದು, ಮಗುವಿಗಾಗಿ ಒಂದೂವರೆ ವರ್ಷದಿಂದ ಪ್ರಯತ್ನಿಸುತ್ತಿದ್ದೀರಿ, ಪ್ರತಿ ತಿಂಗಳೂ 12ರಿಂದ 15ನೆಯ ದಿನದವರೆಗೆ ಓವುಲೇಶನ್ ಕಿಟ್‌ನಲ್ಲಿ (ಅಂಡೋತ್ಪತ್ತಿಯ ಸಮಯ ಗುರುತಿಸುವ ಮೂತ್ರ ಪರೀಕ್ಷೆಯ ಪಟ್ಟಿ) ಪರೀಕ್ಷಿಸಿದರೂ ಎರಡನೆಯ ಗೆರೆ ಸರಿಯಾಗಿ ಮೂಡುತ್ತಿಲ್ಲ, ಹಾಗಾದರೆ ಅಂಡೋತ್ಪತ್ತಿಯೇ, ಅಂದರೆ ಅಂಡಾಶಯದಿಂದ ಅಂಡಾಣು ಬಿಡುಗಡೆಯೇ, ಆಗುತ್ತಿಲ್ಲವೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, 34 ದಿನಗಳ ಚಕ್ರವಿದ್ದು, ಇದೇ ಲೆಕ್ಕದಲ್ಲಿ ಎಡವಿ ಒಂದು ವರ್ಷ ಕಳೆದುಕೊಂಡವಳು.

14ನೆಯ ದಿನ ಎಂಬುದು 28 ದಿನಗಳ ಚಕ್ರಕ್ಕೆ ಹೊಂದುವ ಲೆಕ್ಕ. ಅಂಡಾಣು ಬಿಡುಗಡೆಯಾದ ನಂತರ ಮುಂದಿನ ಮುಟ್ಟಿಗೆ ಸಾಮಾನ್ಯವಾಗಿ 12ರಿಂದ 14 ದಿನಗಳು ಹಿಡಿಯುತ್ತವೆ ಮತ್ತು ಒಬ್ಬಳೇ ಹೆಂಗಸಿನಲ್ಲಿ ಈ ಅವಧಿ ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುವುದಿಲ್ಲ; ಹಿಗ್ಗುವುದು, ಕುಗ್ಗುವುದು ಬಹುಮಟ್ಟಿಗೆ ಅದಕ್ಕಿಂತ ಹಿಂದಿನ ಭಾಗ. ಆದ್ದರಿಂದ ಕಳೆದ ಮುಟ್ಟಿನಿಂದ ಮುಂದಕ್ಕೆ ಎಣಿಸುವ ಬದಲು, ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಿಮ್ಮ ವಿಷಯದಲ್ಲಿ ಅದು 18ರಿಂದ 24ನೆಯ ದಿನದ ಸುಮಾರಿಗೆ ಬರುತ್ತದೆ. ನೀವು ಪರೀಕ್ಷೆ ನಿಲ್ಲಿಸುತ್ತಿರುವುದು ಅದಕ್ಕೂ ಮೊದಲೇ.

ಅಂಡಾಣುವಿನ ಆಯುಷ್ಯ 12ರಿಂದ 24 ಗಂಟೆ ಮಾತ್ರ. ವೀರ್ಯಾಣುಗಳಾದರೋ ಅನುಕೂಲಕರವಾದ ಲೋಳೆಯಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವು. ಹೀಗಾಗಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳಲ್ಲಿ. ಅದರಲ್ಲೂ ಹಿಂದಿನ ಎರಡು ದಿನಗಳು ಮುಖ್ಯ. ಅಂಡಾಣು ಬಿಡುಗಡೆಯಾಯಿತೆಂದು ಖಚಿತವಾದ ಮೇಲೆ ಕೂಡಿದರೆ ಬಹುಪಾಲು ತಡವಾಗಿರುತ್ತದೆ.

ಮೊದಲೇ ಸೂಚನೆ ಕೊಡುವುದು ಗರ್ಭಕೊರಳಿನ ಲೋಳೆ. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ನಮ್ಮಲ್ಲಿ ಇದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿರುತ್ತದೆ, ಬಳಿಕ ಅಂಟಂಟಾದ ಬೆಳ್ಳಗಿನ ಸ್ರಾವ, ಅಂಡೋತ್ಪತ್ತಿ ಹತ್ತಿರವಾದಂತೆ ಹಸಿ ಮೊಟ್ಟೆಯ ಬಿಳಿ ಲೋಳೆಯಂತೆ ಪಾರದರ್ಶಕವಾದ, ಜಾರುವ ಸ್ರಾವ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಎಳೆದರೆ ಅದು ತುಂಡಾಗದೆ ಒಂದೆರಡು ಅಂಗುಲ ದಾರದಂತೆ ಹಿಗ್ಗುತ್ತದೆ. ನಾನಂತೂ ವರ್ಷಗಳ ಕಾಲ ಇದನ್ನು ಬಿಳಿಸೆರಗಿನ ಕಾಯಿಲೆಯೆಂದು ಭಾವಿಸಿ ನಾಚಿಕೆಪಟ್ಟಿದ್ದೆ. ತುರಿಕೆ, ದುರ್ವಾಸನೆ ಅಥವಾ ಮೊಸರಿನಂಥ ಗರಣೆ ಇದ್ದರೆ ಮಾತ್ರ ಸೋಂಕಿರಬಹುದು, ತೋರಿಸಿಕೊಳ್ಳಬೇಕು.

ದೇಹದ ಉಷ್ಣತೆ ಇದಕ್ಕೆ ವಿರುದ್ಧವಾದ ಸಾಕ್ಷಿ, ಅಂಡೋತ್ಪತ್ತಿಯಾದ ಮೇಲೆ ತುಸು ಏರಿ, ಆಗಿಹೋದುದನ್ನು ಹೇಳುತ್ತದೆ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟು ನೋಡಬೇಕು. ಹಾಲಿನವರಿಗೆ ಬಾಗಿಲು ತೆಗೆದು ಬಂದು ನೋಡಿದ ದಿನಗಳ ಅಂಕಿಗಳನ್ನು ನಾನು ಹೊಡೆದುಹಾಕಬೇಕಾಯಿತು, ಏಕೆಂದರೆ ಅಷ್ಟು ಓಡಾಟಕ್ಕೇ ಉಷ್ಣತೆ ಏರುತ್ತದೆ. 97.3ರ ಆಸುಪಾಸಿನಲ್ಲಿದ್ದ ಫ್ಯಾರನ್‌ಹೀಟ್ ಅಂಕಿ 21ನೆಯ ದಿನ 97.9ಕ್ಕೇರಿ ಅಲ್ಲಿಯೇ ನಿಂತಿತು. ಅಲ್ಲಿಂದ ಹದಿನಾಲ್ಕನೆಯ ದಿನ ಮುಟ್ಟಾಯಿತು. ನನ್ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ತಿಳಿದದ್ದು ಆ ಬೆಳಿಗ್ಗೆ, ಆ ಪುಟ ನೋಡಿದಾಗ.

ಕಿಟ್ ಗುರುತಿಸುವುದು ಅಂಡಾಣು ಬಿಡುಗಡೆಗೆ ಪ್ರಚೋದಿಸುವ ಎಲ್‌ಎಚ್ ಹಾರ್ಮೋನಿನ ಏರಿಕೆಯನ್ನು. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮುಂದಿನ 24ರಿಂದ 36 ಗಂಟೆಗಳಲ್ಲಿ ಅಂಡೋತ್ಪತ್ತಿ ನಿರೀಕ್ಷಿಸಬಹುದು. ಮಸುಕು ಗೆರೆಗೆ ಅರ್ಥವಿಲ್ಲ. ನೀವು 15ನೆಯ ದಿನದಿಂದ ಆರಂಭಿಸಿ, ಗೆರೆ ಗಾಢವಾಗುವವರೆಗೂ ಬಿಡದೆ ಪ್ರತಿದಿನ ನೋಡಿ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡೋತ್ಪತ್ತಿ ಕ್ರಮ ತಪ್ಪುವ ಸಮಸ್ಯೆ) ಇರುವವರಲ್ಲಿ ಈ ಹಾರ್ಮೋನ್ ಸದಾ ಹೆಚ್ಚಿರುವುದುಂಟು, ಅಂಥವರಿಗೆ ಕಿಟ್ ದಾರಿ ತಪ್ಪಿಸಬಹುದು. ದಿನ ಗುರುತಿಸುವ ಈ ಗೊಡವೆಯೇ ಬೇಡವೆನಿಸಿದರೆ ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಿದ್ದರೂ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುವುದೇನೆಂದರೆ, ಇನ್ನು ಮನೆಯಲ್ಲೇ ಲೆಕ್ಕ ಹಾಕುತ್ತ ಕೂರಬೇಡಿ. ಮೂವತ್ತೈದರೊಳಗಿನವರು ಒಂದು ವರ್ಷ, ಆ ವಯಸ್ಸು ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ನಿಮಗೆ ಆ ಅವಧಿ ಮೀರಿದೆ. ಇಬ್ಬರೂ ಒಟ್ಟಿಗೆ ಹೋಗಿ. ನಮ್ಮ ಮನೆಗಳಲ್ಲಿ ಸೊಸೆಗೆ ಹತ್ತು ಪರೀಕ್ಷೆ ಮುಗಿಯುವವರೆಗೂ ಮಗನಿಗೆ ಒಂದು ವೀರ್ಯ ಪರೀಕ್ಷೆ ಮಾಡಿಸುವ ಮಾತು ಬರುವುದಿಲ್ಲ. ಅದು ಸರಳವಾದ ಪರೀಕ್ಷೆ, ಮೊದಲೇ ಆಗಬೇಕಾದದ್ದು. ನಿಮಗೆ ಥೈರಾಯ್ಡ್ ಪರೀಕ್ಷೆ ಹೇಳಬಹುದು, ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿ ಅಂಡಾಣುವಿರುವ ಕೋಶ ಬೆಳೆದು ಒಡೆಯುವುದನ್ನು ನೋಡಬಹುದು. ಆ ಸ್ಕ್ಯಾನನ್ನು ಯಾವ ದಿನದಿಂದ ಆರಂಭಿಸಬೇಕೆಂದು ನಿರ್ಧರಿಸಲು ನಿಮ್ಮ ಮುಟ್ಟಿನ ದಿನಾಂಕಗಳು ಬೇಕಾಗುತ್ತವೆ, ಕಳೆದ ಆರು ತಿಂಗಳದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಫೋಲಿಕ್ ಆಮ್ಲದ ಮಾತ್ರೆಯನ್ನು ಈಗಿನಿಂದಲೇ ಆರಂಭಿಸುವ ಬಗ್ಗೆಯೂ ಅಲ್ಲಿಯೇ ಕೇಳಿ.