ಎರಡು ಎಕರೆ ತೆಂಗಿನ ತೋಟಕ್ಕೆ 58 ಸಿಸಿ ಚೈನ್‌ಸಾ ಕೊಳ್ಳಬಹುದೇ? ಯಾವುದನ್ನು ಕೊಳ್ಳಬಾರದು?

ಮದ್ದೂರಿನ ಕಡೆಯ ನಿಮ್ಮ ತೋಟಕ್ಕೆ ಯಾವ ಕಂಪನಿಯ ಚೈನ್ ಗರಗಸ ಒಳ್ಳೆಯದು ಎಂದು ಕೇಳಿದ್ದೀರಿ. ನೀವು ಕೇಳಿರುವ ಗರಗಸವನ್ನೇ, ಅಂದರೆ 22 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇರುವ, 58 ಸಿಸಿ ಎಂದು ಸ್ಟಿಕ್ಕರ್ ಅಂಟಿಸಿದ, ಹೆಸರಾದ ಕಂಪನಿಗಳ ಬೆಲೆಯ ಅರ್ಧಕ್ಕೂ ಕಡಿಮೆಗೆ ಮನೆ ಬಾಗಿಲಿಗೆ ಬರುವ ಯಂತ್ರವನ್ನೇ ನಾನೂ ಕೊಂಡಿದ್ದೆ. ಪಾಂಡವಪುರ ತಾಲ್ಲೂಕಿನ ನಮ್ಮ ತೋಟವೂ ನಿಮ್ಮದರಂತೆಯೇ: ಒಳಗೆ ತೆಂಗು, ಬದುವಿನ ಮೇಲೆ ಬೇವು, ಹೊಂಗೆ ಮತ್ತು ಒಂದು ಹಳೆಯ ಹುಣಸೆ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕೆಲವು ತೆಂಗಿನ ಮರಗಳು ಉರುಳಿದವು, ತುಂಡು ಮಾಡಲು ಆಳು ಸಿಗಲಿಲ್ಲ, ಅವಸರದಲ್ಲಿ ದೊಡ್ಡ ಸಂಖ್ಯೆ ಮತ್ತು ಸಣ್ಣ ಬೆಲೆ ಎರಡನ್ನೂ ನೋಡಿ ತರಿಸಿಬಿಟ್ಟೆ. ಒಂದು ಮಳೆಗಾಲವನ್ನೂ ಅದು ಪೂರ್ತಿ ಕಾಣಲಿಲ್ಲ.

ಅದನ್ನು ಕೆಡಿಸಿದ್ದು ಎಣ್ಣೆಯ ಲೆಕ್ಕ, ಆ ಲೆಕ್ಕ ತಪ್ಪಿಸಿದವನು ನಾನು. ಯಾವ ಕಂಪನಿಯ ಗರಗಸ ತಂದರೂ ನಿಮಗೆ ಇದೇ ಲೆಕ್ಕ ಎದುರಾಗುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಗರಗಸಗಳಲ್ಲಿರುವುದು ಟೂ-ಸ್ಟ್ರೋಕ್ ಎಂಜಿನ್. ಈಗಿನ ಬೈಕುಗಳಲ್ಲಿರುವಂತೆ ಎಂಜಿನ್ ಆಯಿಲ್ ನಿಲ್ಲುವ ಪ್ರತ್ಯೇಕ ಜಾಗ ಇದರಲ್ಲಿಲ್ಲ; ಪಿಸ್ಟನ್ನಿಗೂ, ಸಿಲಿಂಡರಿಗೂ, ಒಳಗಿನ ಬೇರಿಂಗುಗಳಿಗೂ ಸಿಗುವ ಜಿಡ್ಡೆಲ್ಲ ಪೆಟ್ರೋಲಿಗೆ ಬೆರೆಸಿದ ಟೂ-ಟಿ ಎಣ್ಣೆಯದೇ. ಪಕ್ಕದ ತೋಟದವರು ತಮ್ಮ ಸ್ಟಿಲ್ ಕಂಪನಿಯ ಗರಗಸಕ್ಕೆ ಲೀಟರಿಗೆ 20 ಮಿಲಿಯಂತೆ, ಅಂದರೆ 50ಕ್ಕೆ 1ರ ಪ್ರಮಾಣದಲ್ಲಿ ಎಣ್ಣೆ ಬೆರೆಸುತ್ತಿದ್ದರು. ಅವರು ಬಳಸುತ್ತಿದ್ದುದು ಆ ಕಂಪನಿಯದೇ ಎಣ್ಣೆ. ಬೇರೆ ಟೂ-ಟಿ ಎಣ್ಣೆಯಾದರೆ 25ಕ್ಕೆ 1 ಹಾಕಬೇಕೆಂದು ಆ ಕಂಪನಿಯ ಕೈಪಿಡಿಯೇ ಹೇಳುತ್ತದೆ. ನನ್ನ ಯಂತ್ರದೊಂದಿಗೆ ಬಂದ ಪುಸ್ತಿಕೆಯಲ್ಲೂ 25ಕ್ಕೆ 1, ಲೀಟರಿಗೆ 40 ಮಿಲಿ ಎಂದೇ ಇತ್ತು. ನಾನು ಅದನ್ನು ಓದಿಯೂ, ಹೊಗೆ ಕಡಿಮೆಯಾಗಲಿ, ಎಣ್ಣೆಯೂ ಉಳಿಯಲಿ ಎಂದುಕೊಂಡು, ಹಳೆಯ ಸ್ಕೂಟರಿಗೆ ತಂದಿಟ್ಟಿದ್ದ ಎಣ್ಣೆಯನ್ನು ಅರ್ಧ ಪ್ರಮಾಣದಲ್ಲಿ ಬೆರೆಸಿದೆ.

ಅದರ ಜೊತೆಗೆ ಚೈನ್ ಮೊಂಡಾಗಿತ್ತು. ನೆಲಕ್ಕೆ ಬಿದ್ದ ತೆಂಗನ್ನು ಕೊಯ್ಯುವಾಗ ಬಾರಿನ ತುದಿ ಮಣ್ಣಿಗೆ ಒಮ್ಮೆ ತಗುಲಿದರೂ ಸಾಕು, ಹಲ್ಲಿನ ಮೊನೆ ಹೋಗುತ್ತದೆ. ಹರಿತವಾದ ಚೈನ್ ಚಕ್ಕೆ ಚಕ್ಕೆಯಾಗಿ ಹೊಟ್ಟು ಉದುರಿಸುತ್ತದೆ, ಮೊಂಡಾದದ್ದು ನುಣ್ಣನೆಯ ಪುಡಿ ಉಗುಳುತ್ತದೆ; ಪುಡಿ ಕಂಡ ಕೂಡಲೇ ಕೆಲಸ ನಿಲ್ಲಿಸಿ ಅರ ಹಿಡಿಯಬೇಕು. ನಾನು ಯಂತ್ರವನ್ನು ಮರಕ್ಕೆ ಒತ್ತಿ ಹಿಡಿದು, ಪೂರ್ತಿ ಆಕ್ಸಿಲರೇಟರ್ ಕೊಟ್ಟು ನಿಂತಿದ್ದೆ. ಎಣ್ಣೆ ಕಡಿಮೆ, ಬಿಸಿ ವಿಪರೀತ. ಎಂಜಿನ್ ಒಮ್ಮೆ ಏರುದನಿ ಮಾಡಿ ಕಚ್ಚಿಕೊಂಡು ನಿಂತಿತು, ಮತ್ತೆ ಹಗ್ಗ ಎಳೆದರೆ ಅಲುಗಲಿಲ್ಲ. ಮೈಸೂರಿನಲ್ಲಿ ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್ ಬಿಚ್ಚಿ, ಆ ತೂತಿನೊಳಗೆ ಟಾರ್ಚ್ ಬಿಟ್ಟು ತೋರಿಸಿದರು: ಪಿಸ್ಟನ್ನಿನ ಮೈಮೇಲೆ ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು, ರಿಂಗು ತಾನು ಕೂರುವ ಕಚ್ಚಿನಲ್ಲೇ ಅಂಟಿಕೊಂಡಿತ್ತು. ಹೊಗೆ ಹೊರಹೋಗುವ ಬದಿಯೇ ಹೆಚ್ಚು ಕಾಯುವುದರಿಂದ ಎಣ್ಣೆ ಸಾಲದಾದಾಗ ಮೊದಲು ಗೀರು ಬೀಳುವುದೂ ಅಲ್ಲೇ.

ಇಲ್ಲಿಯವರೆಗಿನದು ನನ್ನ ತಪ್ಪು, ಇನ್ನು ಮುಂದಿನದು ಆ ಯಂತ್ರದ ಗುಣ. ಸಿಲಿಂಡರ್ ಮತ್ತು ಪಿಸ್ಟನ್ ಬದಲಿಸಿದರೆ ಇಂಥ ಎಂಜಿನ್ ಮತ್ತೆ ಓಡಬೇಕು. ಆದರೆ 58 ಸಿಸಿಯದೆಂದು ತರಿಸಿದ ಬಿಡಿಭಾಗದ ಅಳತೆ ಕೂಡಲಿಲ್ಲ. ಅನುಮಾನ ಬಂದು ಪುಸ್ತಿಕೆ ತೆರೆದು ನೋಡಿದರೆ ಬೋರ್ (ಸಿಲಿಂಡರಿನ ಒಳ ಅಗಲ) 45.2 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 34 ಮಿ.ಮೀ. ಎಂದಿತ್ತು. ಎರಡನ್ನೂ ಸೆಂಟಿಮೀಟರಿಗೆ ತಂದು, ಬೋರ್ ಅನ್ನು ವರ್ಗ ಮಾಡಿ, 0.785ರಿಂದಲೂ ಸ್ಟ್ರೋಕಿನಿಂದಲೂ ಗುಣಿಸಿದರೆ ಬರುವುದು ಸುಮಾರು 54.5 ಸಿಸಿ. ಸ್ಟಿಕ್ಕರ್ ಮೇಲಿನ 58 ಎಲ್ಲಿಂದ ಬಂತೋ ಮಾರಿದವರಿಗೇ ಗೊತ್ತು. ಮಾರಿದವರು ಫೋನ್ ಎತ್ತಲಿಲ್ಲ.

ಆದ್ದರಿಂದ ಯಾವ ಕಂಪನಿ ಒಳ್ಳೆಯದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮದ್ದೂರಿನಿಂದ ಒಂದು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಆ ಗರಗಸವನ್ನು ಬಿಚ್ಚುವವರು ಯಾರಿದ್ದಾರೆ, ಚೈನು, ಕಾರ್ಬ್ಯುರೇಟರಿನ ಡಯಾಫ್ರಾಮು, ಸ್ಟಾರ್ಟರ್ ಹಗ್ಗ ಅವರ ಅಂಗಡಿಯಲ್ಲಿ ಇವೆಯೇ ಎಂದು ಮೊದಲು ಕೇಳಿ, ಅವರ ಬಳಿ ಇರುವುದನ್ನು ಕೊಳ್ಳಿ. ಗಾತ್ರದ ವಿಷಯದಲ್ಲಂತೂ ನೀವು ಅಗತ್ಯಕ್ಕಿಂತ ಬಹಳ ಮೇಲೆ ಹೋಗಿದ್ದೀರಿ. ತೆಂಗಿನ ಕಾಂಡ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸಿನ ದಪ್ಪ. ಅದಕ್ಕೆ 16 ಇಂಚಿನ ಬಾರ್ ಸಾಕು, ಇನ್ನೂ ದಪ್ಪ ಇದ್ದರೆ ಎರಡೂ ಕಡೆಯಿಂದ ಕೊಯ್ಯಬಹುದು. ನಾನು ಈಗ ಇಟ್ಟುಕೊಂಡಿರುವುದು ಸ್ಟಿಲ್ ಎಂಎಸ್ 180, ಅದು 31.8 ಸಿಸಿ. ಸೌದೆಯ ಕೆಲಸ ಹೆಚ್ಚಿದ್ದರೆ 45.4 ಸಿಸಿಯ ಎಂಎಸ್ 250 ಅಥವಾ ಆ ಗಾತ್ರದ ಹಸ್ಕ್‌ವರ್ನಾ ಕಂಪನಿಯದನ್ನು ನೋಡಬಹುದು. ತಂತಿ ಎಟುಕುವಷ್ಟು ಹತ್ತಿರದಲ್ಲಷ್ಟೇ ಕೆಲಸವಿದ್ದರೆ ಕರೆಂಟಿನದೂ ಆದೀತು, ತೋಟಕ್ಕೆ ಆಗದು.

ಬಿಡಬೇಕಾದವುಗಳನ್ನು ಹೆಸರಿನಿಂದ ಗುರುತಿಸಲು ಹೋಗಬೇಡಿ, ಆ ಹೆಸರುಗಳು ಸ್ಟಿಕ್ಕರಿನೊಂದಿಗೆ ಬದಲಾಗುತ್ತಿರುತ್ತವೆ. ಹೆಸರಾದ ಕಂಪನಿಯ ಕಿತ್ತಳೆ ಬಣ್ಣವನ್ನೇ ಹಚ್ಚಿಕೊಂಡ ನಕಲಿಗಳೂ ಇವೆ. ಅಂಗಡಿಯಲ್ಲಿ ಸ್ಟಾರ್ಟ್ ಮಾಡಿ ತೋರಿಸದವರಿಂದ ಕೊಳ್ಳಬೇಡಿ. ಆಕ್ಸಿಲರೇಟರ್ ಬಿಟ್ಟಾಗಲೂ ಚೈನ್ ತಿರುಗುತ್ತಿದ್ದರೆ ಬೇಡ. ಮುಂದಿನ ಹಿಡಿಯ ಎದುರಿಗಿರುವ ಗಾರ್ಡನ್ನು ಮುಂದಕ್ಕೆ ತಳ್ಳಿದಾಗ ಓಡುತ್ತಿರುವ ಚೈನ್ ತಟ್ಟನೆ ನಿಲ್ಲಬೇಕು, ನಿಲ್ಲದಿದ್ದರೆ ಖಂಡಿತ ಬೇಡ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಮುಖದ ಕಡೆಗೆ ಎಗರುತ್ತದೆ, ಆಗ ಕಾಪಾಡುವುದು ಆ ಗಾರ್ಡ್ ಹಾಕುವ ಬ್ರೇಕೇ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಬಾರಿನ ತುದಿಯನ್ನು ಅದರ ಮೇಲೆ ತಗುಲದಂತೆ ಹಿಡಿದು ಆಕ್ಸಿಲರೇಟರ್ ಕೊಡಿಸಿ. ಎಣ್ಣೆಯ ಗೆರೆ ಮೂಡದಿದ್ದರೆ ಚೈನಿಗೆ ಎಣ್ಣೆ ಬರುತ್ತಿಲ್ಲ ಎಂದರ್ಥ.

ಯಂತ್ರದ ಜೊತೆಗೇ ಸರಿಯಾದ ದುಂಡು ಅರವನ್ನೂ ಕೊಳ್ಳಿ: ಸಣ್ಣ ಗರಗಸಗಳ 3/8 ಲೋ-ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಚೈನಿಗೆ 4.8 ಮಿ.ಮೀ. (3/8, .325 ಎಂಬುವು ಇಂಚಿನಲ್ಲಿ ಚೈನಿನ ಕೊಂಡಿಯ ಅಳತೆ). ಚೈನಿಗೆ ಬೈಕಿನಿಂದ ಇಳಿಸಿದ ಹಳೆಯ ಆಯಿಲ್ ಹಾಕಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಬೇಕಾದಷ್ಟನ್ನೇ ಬೆರೆಸಿ, ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಪಂಚೆ ಉಟ್ಟು ಗರಗಸ ಹಿಡಿಯಬೇಡಿ, ಮರದ ಮೇಲೆ ಹತ್ತಿಯಂತೂ ಬೇಡವೇ ಬೇಡ.

ಬದುವಿನ ಹುಣಸೆ ಮರವೊಂದನ್ನು ಉರುಳಿಸಬೇಕಿರುವುದರಿಂದಲೇ ದೊಡ್ಡ ಯಂತ್ರ ಎಂದು ಬರೆದಿದ್ದೀರಿ. ಒಂದು ಮರಕ್ಕಾಗಿ 22 ಇಂಚಿನ ಬಾರನ್ನು ವರ್ಷಪೂರ್ತಿ ಹೊರಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸಿಲ್ವರ್ ಓಕ್‌ಗಳಿಗೆ ವಿನಾಯಿತಿ ಇದೆ. ಹುಣಸೆಗೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅನುಮತಿ ಸಿಕ್ಕ ಮೇಲೆ ಮರ ಕೊಯ್ಯುವವರನ್ನು ಅವರ ಯಂತ್ರದ ಸಮೇತ ಕರೆಸಿ, ಕೊಂಬೆಗಳನ್ನು ನಿಮ್ಮ ಸಣ್ಣ ಗರಗಸದಲ್ಲಿ ನೀವೇ ತುಂಡು ಮಾಡಿಕೊಳ್ಳಬಹುದು.