ಸ್ಮ್ಯಾಪ್ ತಂಡದ ಬೀಳ್ಕೊಡುಗೆ ಮತ್ತು ನಿಮ್ಮ ರಾಜೀನಾಮೆ

ಟೋಕಿಯೋಗೆ ಬಂದು ಇನ್ನೂ ವರ್ಷ ತುಂಬದ ನೀವು ಬರೆದ ಪತ್ರವನ್ನು ಸಾವಧಾನವಾಗಿ ಓದಿದೆ. ಬಾಡಿಗೆ ಮನೆ ಹಿಡಿಯುವುದು ಹೇಗೆ, ಸಸ್ಯಾಹಾರಿಯಾದವನು ಹೊರಗೆ ಏನು ತಿನ್ನಬಹುದು ಎಂಬ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಡಿಸೆಂಬರಿನ ಬೋನೆನ್‌ಕೈ ಎಂಬ ವರ್ಷಾಂತ್ಯದ ಕೂಟ ಮುಗಿದ ಮೇಲೆ ಕರಾವೊಕೆಗೆ ಹೋದಾಗ ನಿಮ್ಮ ಕಚೋ, ಎಂದರೆ ವಿಭಾಗದ ಮೇಲಧಿಕಾರಿ, ಸ್ಮ್ಯಾಪ್ ಎಂಬ ಹಳೆಯ ಗಾಯಕರ ತಂಡದ ಹಾಡು ಹಾಡುತ್ತ ಕಣ್ಣೊರೆಸಿಕೊಂಡರೆಂದೂ, ಅಷ್ಟು ದೊಡ್ಡ ತಂಡ ಒಡೆದದ್ದೇಕೆ, ತಪ್ಪು ಯಾರದು ಎಂದು ನೀವು ಕೇಳಿದೊಡನೆ ಸುತ್ತ ಕುಳಿತವರೆಲ್ಲ ಮಾತು ನಿಲ್ಲಿಸಿದರೆಂದೂ ಬರೆದಿದ್ದೀರಿ. ಕೊನೆಯಲ್ಲಿ, ಮಾರ್ಚ್ ಮುಗಿಯುವಷ್ಟರಲ್ಲಿ ಈ ಕಂಪನಿ ಬಿಟ್ಟು ಬೇರೆ ಕಡೆ ಸೇರುವ ಯೋಚನೆಯಿದೆ, ಅದನ್ನು ಹೇಗೆ ಹೇಳಬೇಕು ಎಂದು ಕೇಳಿದ್ದೀರಿ. ಈ ಕೊನೆಯ ಎರಡೂ ಪ್ರಶ್ನೆಗಳಿಗೆ ನನ್ನಲ್ಲಿರುವುದು ಒಂದೇ ಉತ್ತರ. ಅದಕ್ಕಾಗಿ ಮೊದಲ ಎರಡನ್ನು ಬೇಗ ಮುಗಿಸುತ್ತೇನೆ.

ಮನೆಗೆ ಶಿಕಿಕಿನ್ ಎಂಬ ಮುಂಗಡ ಠೇವಣಿ, ರೇಯ್ಕಿನ್ ಎಂದು ಮಾಲೀಕರಿಗೆ ಕೊಡುವ ಹಿಂತಿರುಗದ ಕಾಣಿಕೆ, ಜಾಮೀನು ಕಂಪನಿಯ ಶುಲ್ಕ ಎಲ್ಲ ಸೇರಿ ಮೊದಲ ತಿಂಗಳೇ ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಕೈಬಿಡುತ್ತದೆ. ಯುಆರ್ ಎಂಬ ಸರ್ಕಾರಿ ವಸತಿ ಸಂಸ್ಥೆಯ ಮನೆಗಳಿಗೆ ರೇಯ್ಕಿನ್ ಇಲ್ಲ, ಜಾಮೀನುದಾರರೂ ಬೇಕಿಲ್ಲ, ಆದ್ದರಿಂದ ಮೊದಲು ಅಲ್ಲಿ ವಿಚಾರಿಸಿ. ಊಟದ ಮಟ್ಟಿಗೆ, ಮಾಂಸವಿಲ್ಲ ಎಂದು ಹೇಳಿದ ಸಾರಿನಲ್ಲೂ ಮೀನು ಕುದಿಸಿ ತೆಗೆದ ದಾಶಿ ಎಂಬ ರಸ ಇರುತ್ತದೆಂದು ತಿಳಿದುಕೊಂಡೇ ಹೊರಗೆ ತಿನ್ನಿ. ತೊಗರಿಬೇಳೆ, ಹುಣಸೆಹಣ್ಣು, ಇಂಗು ಭಾರತೀಯರು ಹೆಚ್ಚಾಗಿರುವ ನಿಶಿಕಸಾಯಿ ಬಡಾವಣೆಯಲ್ಲಿ ಸಿಗುತ್ತವೆ. ಸಾರಿನಪುಡಿಯನ್ನು ಮಾತ್ರ ಊರಿನಿಂದಲೇ ತರಿಸಿಕೊಳ್ಳಿ. ಅದನ್ನು ನಿಮಗೆ ವಿವರಿಸಬೇಕಾಗಿಲ್ಲ.

ನಾನು ಇಲ್ಲಿಗೆ ಬಂದದ್ದು 2003ರಲ್ಲಿ. ಆ ವರ್ಷ ಸ್ಮ್ಯಾಪ್ ತಂಡದ 'ಸೆಕಾಯಿ ನಿ ಹಿತೊತ್ಸು ದಾಕೆ ನೊ ಹಾನಾ', ಅಂದರೆ 'ಜಗತ್ತಿನಲ್ಲಿ ಒಂದೇ ಒಂದು ಹೂವು', ಎಂಬ ಹಾಡು ಬಿಡುಗಡೆಯಾಗಿತ್ತು. ಅಂಗಡಿ, ರೈಲು ನಿಲ್ದಾಣ, ಶಾಲೆಯ ಅಂಗಳ, ಎಲ್ಲಿ ಹೋದರೂ ಅದೇ ಕೇಳುತ್ತಿತ್ತು. ನನಗೆ ಭಾಷೆ ಬರುತ್ತಿರಲಿಲ್ಲ. ಸಂಜೆಯ ಹೊತ್ತು ಬೀದಿಯಲ್ಲಿ ನಡೆಯುವಾಗ ಪರಿಚಿತವೆನಿಸುತ್ತಿದ್ದುದು ಆ ರಾಗವೊಂದೇ. ನಾನಿದ್ದ ಹಳೆಯ ಮರದ ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲಿದ್ದರು. ಸೋಮವಾರ ರಾತ್ರಿ ಹತ್ತು ಗಂಟೆಗೆ ಫ್ಯೂಜಿ ಟೆಲಿವಿಷನ್‌ನಲ್ಲಿ 'ಸ್ಮ್ಯಾಪ್ ಸ್ಮ್ಯಾಪ್' ಕಾರ್ಯಕ್ರಮ ಆರಂಭವಾಗುವಾಗ ಅವರು ನನ್ನನ್ನು ಕರೆದು ಕೂರಿಸುತ್ತಿದ್ದರು. ಅದರ 'ಬಿಸ್ತ್ರೋ' ಎಂಬ ಭಾಗದಲ್ಲಿ ತಂಡದ ನಾಯಕ ನಕಾಯಿ ಹೋಟೆಲಿನ ಯಜಮಾನರಾಗಿ ಅತಿಥಿಯನ್ನು ಮಾತಿಗೆಳೆಯುತ್ತಿದ್ದರೆ ಉಳಿದ ನಾಲ್ವರು ಇಬ್ಬಿಬ್ಬರಾಗಿ ಅಡುಗೆ ಮಾಡುತ್ತಿದ್ದರು, ಕೊನೆಗೆ ಅತಿಥಿ ಒಂದು ಜೋಡಿಯನ್ನು ಗೆಲ್ಲಿಸುತ್ತಿದ್ದರು. ಹೆಚ್ಚುವುದು, ಹುರಿಯುವುದು, ರುಚಿ ನೋಡುವುದು, ಹೊಗಳುವುದು, ಸೋತಾಗ ತಲೆಬಾಗುವುದು, ಇವಕ್ಕೆಲ್ಲ ಜಪಾನಿ ಮಾತುಗಳನ್ನು ನಾನು ಕಲಿತದ್ದು ಅಲ್ಲಿಂದ. ಯಾವ ಶಾಲೆಯೂ ಕಲಿಸದಷ್ಟು ಸಹಜವಾದ ಜಪಾನಿ ಭಾಷೆ ನನ್ನ ನಾಲಗೆಗೆ ಬಂದಿದೆಯೆಂದು ಇಲ್ಲಿನವರೇ ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ, ಆ ಐವರ ನೆನಪೂ ಆಗುತ್ತದೆ.

ಅವರು ಮೊದಲು ಆರು ಮಂದಿ. 1988ರ ಏಪ್ರಿಲಿನಲ್ಲಿ, ಹುಡುಗರ ಗಾಯನ ತಂಡಗಳನ್ನು ಬೆಳೆಸುತ್ತಿದ್ದ ಜಾನೀಸ್ ಏಜೆನ್ಸಿ ತನ್ನ ಮತ್ತೊಂದು ಜನಪ್ರಿಯ ತಂಡದ ಹಿಂದೆ ಕುಣಿಯುತ್ತಿದ್ದ ಹುಡುಗರ ಗುಂಪಿನಿಂದ ನಕಾಯಿ ಮಸಾಹಿರೊ, ಕಿಮುರಾ ತಕುಯಾ, ಇನಾಗಾಕಿ ಗೊರೊ, ಮೊರಿ ಕತ್ಸುಯುಕಿ, ಕುಸಾನಾಗಿ ತ್ಸುಯೋಶಿ, ಕತೊರಿ ಶಿಂಗೊ ಎಂಬವರನ್ನು ಆರಿಸಿ ತಂಡ ಕಟ್ಟಿತು. ಎಲ್ಲರಿಗಿಂತ ಕಿರಿಯನಾದ ಕತೊರಿಗೆ ಆಗ 11 ವರ್ಷ. 1991ರ ಸೆಪ್ಟೆಂಬರಿನಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದ ಕಾಲ ಒಳ್ಳೆಯದಾಗಿರಲಿಲ್ಲ. ಗಾಯಕರನ್ನು ವಾರವಾರವೂ ಮನೆಮನೆಗೆ ತಲುಪಿಸುತ್ತಿದ್ದ ದೊಡ್ಡ ಸಂಗೀತ ಕಾರ್ಯಕ್ರಮಗಳು ಅಷ್ಟರಲ್ಲಿ ಒಂದೊಂದಾಗಿ ನಿಂತುಹೋಗಿದ್ದವು, ದೇಶದ ಆರ್ಥಿಕತೆಯ ಉಬ್ಬರವೂ ಇಳಿಯತೊಡಗಿತ್ತು. ಮೊದಲ ಮುದ್ರಿಕೆಯಲ್ಲೇ ಒರಿಕಾನ್ ಎಂಬ ಮಾರಾಟದ ಪಟ್ಟಿಯ ಮೊದಲ ಸ್ಥಾನ ಪಡೆಯುವುದು ಆ ಏಜೆನ್ಸಿಯ ಹುಡುಗರಿಗೆ ವಾಡಿಕೆಯಂತಿದ್ದ ದಿನಗಳಲ್ಲಿ ಇವರಿಗೆ ಸಿಕ್ಕಿದ್ದು ಎರಡನೆಯ ಸ್ಥಾನ. ಮೊದಲ ಸ್ಥಾನಕ್ಕೆ 1994ರವರೆಗೆ ಕಾಯಬೇಕಾಯಿತು. ಏಜೆನ್ಸಿಗೆ ಕಚೇರಿ ಕೆಲಸಕ್ಕೆಂದು ಸೇರಿದ್ದ ಈಜಿಮಾ ಮಿಚಿ ಎಂಬ ಮಹಿಳೆ ಇವರ ಹೊಣೆ ಹೊತ್ತು, ಹಾಡಿನ ವೇದಿಕೆ ಇಲ್ಲದಿದ್ದರೆ ನಗೆಯ ವೇದಿಕೆ ಇದೆಯಲ್ಲ ಎಂದು ಹಾಸ್ಯ ಕಾರ್ಯಕ್ರಮಗಳಿಗೆ, ಧಾರಾವಾಹಿಗಳಿಗೆ, ಜಾಹೀರಾತುಗಳಿಗೆ ಒಬ್ಬೊಬ್ಬರನ್ನು ಒಂದೊಂದು ದಾರಿಯಲ್ಲಿ ನಡೆಸಿದರು. ಅದಕ್ಕೆ ಮೊದಲು ಸುಂದರ ತರುಣ ಗಾಯಕರು ಮುಖಕ್ಕೆ ಬಣ್ಣ ಬಳಿದುಕೊಂಡು ಜನರನ್ನು ನಗಿಸುವುದು ಅಪರೂಪವಾಗಿತ್ತು. ಈಗ ಅದು ಜಪಾನಿನ ಪ್ರತಿ ತಂಡದ ನಿತ್ಯದ ಕೆಲಸ. ಕಿಮುರಾ 2001ರಲ್ಲಿ ಸರ್ಕಾರಿ ಅಭಿಯೋಜಕನ ಪಾತ್ರ ಮಾಡಿದ ಧಾರಾವಾಹಿಯ ಪ್ರತಿಯೊಂದು ಕಂತನ್ನೂ ಶೇಕಡಾ 30ಕ್ಕಿಂತ ಹೆಚ್ಚು ಮನೆಗಳು ನೋಡಿದವು. ಮೈಕೆಲ್ ಜಾಕ್ಸನ್ ಜಪಾನಿಗೆ ಬಂದಾಗ ಇವರ ಕಾರ್ಯಕ್ರಮಕ್ಕೆ ಬಂದುಹೋದರು. 2011ರ ಮಾರ್ಚಿನ ಭೂಕಂಪವಾಗಿ ಹತ್ತು ದಿನಕ್ಕೆ ಅವರು ನೇರಪ್ರಸಾರದಲ್ಲಿ ಕುಳಿತು ಜನರಿಗೆ ಧೈರ್ಯ ಹೇಳಿದರು, ಆಮೇಲೆ ಕಾರ್ಯಕ್ರಮ ನಿಲ್ಲುವವರೆಗೂ ವಾರವಾರವೂ ಸಂತ್ರಸ್ತರಿಗೆ ನೆರವು ಕೋರಿದರು. ನಿಮ್ಮ ಕಚೋ ಐವತ್ತರ ಆಸುಪಾಸಿನವರಾಗಿದ್ದರೆ, ಅವರ ಯೌವನದ ಎಲ್ಲ ಸೋಮವಾರಗಳಲ್ಲಿ ಈ ಐವರು ಇದ್ದಾರೆ.

ಆರನೆಯವರಾದ ಮೊರಿ 1996ರ ಮೇ ತಿಂಗಳಲ್ಲಿ, ಮೋಟಾರ್ ಸೈಕಲ್ ಪಂದ್ಯಗಾರನಾಗಬೇಕೆಂಬ ಬಾಲ್ಯದ ಆಸೆಯಿಂದ, 'ಸ್ಮ್ಯಾಪ್ ಸ್ಮ್ಯಾಪ್' ಶುರುವಾಗಿ ಎರಡು ತಿಂಗಳೂ ಆಗುವ ಮೊದಲೇ ತಂಡ ಬಿಟ್ಟರು. ಆ ಬೀಳ್ಕೊಡುಗೆಯಲ್ಲಿ ಆರೂ ಮಂದಿ ಒಟ್ಟಿಗೆ ಹಾಡಿದರು, ಅತ್ತರು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

2015ರ ಜನವರಿಯಲ್ಲಿ ಏಜೆನ್ಸಿಯ ಉಪಾಧ್ಯಕ್ಷೆ ಮೇರಿ ಕಿತಾಗಾವಾ ಒಂದು ವಾರಪತ್ರಿಕೆಯ ಸಂದರ್ಶನದ ನಡುವೆ ಈಜಿಮಾ ಅವರನ್ನು ಕರೆಸಿ, ಪತ್ರಕರ್ತರ ಎದುರಿಗೇ ಗದರಿದರು. ಬೇರೆ ಬಣ ಕಟ್ಟುವುದಿದ್ದರೆ ಸ್ಮ್ಯಾಪ್ ಅನ್ನು ಕರೆದುಕೊಂಡು ಹೊರಡು ಎಂಬ ಅರ್ಥದ ಮಾತು ಅಚ್ಚಿನಲ್ಲಿ ಬಂತು. ಮುಂದಿನ ವರ್ಷದ ಜನವರಿ 13ರ ಕ್ರೀಡಾ ಪತ್ರಿಕೆಗಳು ವರದಿ ಮಾಡಿದಂತೆ, ಈಜಿಮಾ ಹೊರಬೀಳುವವರಿದ್ದರು, ನಾಲ್ವರು ಅವರೊಂದಿಗೆ ಹೊರಡಲು ಸಿದ್ಧರಾಗಿದ್ದರು, ಕಿಮುರಾ ಒಬ್ಬರೇ ಉಳಿಯುವವರಿದ್ದರು. ಐದು ದಿನಗಳ ನಂತರ, ಜನವರಿ 18ರ ಸೋಮವಾರ, ಅದೇ ಕಾರ್ಯಕ್ರಮದಲ್ಲಿ ಐವರೂ ಕಪ್ಪು ಸೂಟು ತೊಟ್ಟು ಸಾಲಾಗಿ ನಿಂತು ನೇರಪ್ರಸಾರದಲ್ಲಿ ಕ್ಷಮೆ ಕೇಳಿದರು. ಕಿಮುರಾ ನಡುವೆ ನಿಂತು ಮೊದಲ ಮಾತನ್ನೂ ಕೊನೆಯ ಮಾತನ್ನೂ ಆಡಿದರು. ಏಜೆನ್ಸಿಯ ಅಧ್ಯಕ್ಷ ಜಾನಿ ಕಿತಾಗಾವಾ ಅವರ ಕ್ಷಮೆ ಕೇಳುವ ಅವಕಾಶವನ್ನು ಕಿಮುರಾ ಒದಗಿಸಿಕೊಟ್ಟರು, ಅದರಿಂದಲೇ ತಾವು ಇಲ್ಲಿ ನಿಂತಿದ್ದೇವೆ ಎಂದು ಕುಸಾನಾಗಿ ಹೇಳಿದರು. ಮನೆಯೊಡತಿ ಆ ಹೊತ್ತಿಗೆ ತೀರಿಕೊಂಡಿದ್ದರು. ನಾನು ಬೇರೆ ಮನೆಯಲ್ಲಿ ಹೆಂಡತಿಯೊಂದಿಗೆ ಕುಳಿತು ನೋಡುತ್ತಿದ್ದೆ. ನಲವತ್ತರ ಆಚೀಚೆಯ ಆ ಗಂಡಸರು, ಒಂದು ಕೆಲಸ ಬಿಡಬೇಕೆಂದು ಯೋಚಿಸಿದ್ದಕ್ಕಾಗಿ, ಇಡೀ ದೇಶದ ಮುಂದೆ ಬಾಗಿದ್ದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು.

ಆಗಸ್ಟ್ 14ರ ನಡುರಾತ್ರಿ, ರಿಯೋ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ, ವರ್ಷಾಂತ್ಯಕ್ಕೆ ತಂಡ ವಿಸರ್ಜನೆಯಾಗುವುದೆಂದು ಪತ್ರಿಕಾ ಕಚೇರಿಗಳಿಗೆ ಫ್ಯಾಕ್ಸ್ ಬಂತು. ಅದು ಅವರ 25ನೆಯ ವರ್ಷ. ಆದರೂ ಕೊನೆಯ ಸಂಗೀತ ಕಛೇರಿ ಇಲ್ಲ, ವರ್ಷದ ಕೊನೆಯ ರಾತ್ರಿಯ ಕೊಹಾಕು ಎಂಬ ಹಾಡಿನ ಕಾರ್ಯಕ್ರಮದಲ್ಲಿಯೂ ಅವರಿಲ್ಲ. ಡಿಸೆಂಬರ್ 26ರಂದು ಐದು ಗಂಟೆಗಳಷ್ಟು ನಡೆದ ಕೊನೆಯ ಪ್ರಸಾರದಲ್ಲಿ, ಹಳೆಯ ದೃಶ್ಯಗಳನ್ನು ಬಿಟ್ಟರೆ ಮೊದಲೇ ಚಿತ್ರೀಕರಿಸಿದ್ದ ಆ ಹೂವಿನ ಹಾಡಷ್ಟೇ ಇತ್ತು; ಒಬ್ಬರೂ ವಿದಾಯದ ಮಾತು ಹೇಳಲಿಲ್ಲ. ಅಭಿಮಾನಿಗಳು ಮಾಡಿದ್ದೇ ಬೇರೆ. ತಂಡವನ್ನು ಉಳಿಸಿರೆಂದು ಮೂರು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. 2003ರ ಮುದ್ರಿಕೆಯನ್ನೇ ಮತ್ತೆ ಮತ್ತೆ ಕೊಂಡು ಅದರ ಮಾರಾಟವನ್ನು 30 ಲಕ್ಷದ ಗಡಿ ದಾಟಿಸಿದರು. ಡಿಸೆಂಬರ್ 30ರ ಅಸಾಹಿ ಪತ್ರಿಕೆಯಲ್ಲಿ, ಹದಿಮೂರು ಸಾವಿರಕ್ಕೂ ಹೆಚ್ಚು ಜನ ಹಣ ಹಾಕಿ, ಎಂಟು ಪುಟಗಳ ತುಂಬ ಧನ್ಯವಾದ ಹೇಳಿದರು. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದ ನಾಡಿನಿಂದ ಬಂದ ನಿಮಗೆ ಈ ಪ್ರೀತಿ ಹೊಸದಲ್ಲ. ಆದರೆ ಇಲ್ಲಿ ಯಾರೂ ಬೀದಿಗಿಳಿಯಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಅವರು ಸಾಲಿನಲ್ಲಿ ನಿಂತು ಮುದ್ರಿಕೆ ಕೊಂಡರು.

ತಪ್ಪು ಯಾರದು ಎಂಬ ನಿಮ್ಮ ಪ್ರಶ್ನೆಗೆ ಸುತ್ತ ಕುಳಿತವರು ಸುಮ್ಮನಾದ ಕಾರಣ ಇಲ್ಲಿದೆ. ನಮ್ಮ ಕಡೆ ಕೂಡುಕುಟುಂಬ ಪಾಲಾಗುವಾಗ ಅಣ್ಣತಮ್ಮಂದಿರು ಪಂಚಾಯ್ತಿಯ ಮುಂದೆ ಕೂಗಾಡುತ್ತಾರೆ, ಯಾರು ಯಾರಿಗೆ ಅನ್ಯಾಯ ಮಾಡಿದರೆಂದು ಊರಿಗೆಲ್ಲ ತಿಳಿಯುತ್ತದೆ, ಮುಂದಿನ ಗೌರಿಹಬ್ಬಕ್ಕೆ ಯಾರೋ ಒಬ್ಬ ಅತ್ತಿಗೆ ಬಾಗಿನ ಕಳಿಸಿ ಬಾಗಿಲು ತೆರೆಯುತ್ತಾಳೆ. ಇಲ್ಲಿ ಎಲ್ಲವೂ ಒಳಗೇ ತೀರ್ಮಾನವಾಗಿ, ಹೊರಗೆ ಕಾಣುವುದು ಬಾಗಿದ ತಲೆಗಳು ಮಾತ್ರ. ಆ ಜನವರಿಯ ರಾತ್ರಿ ಐವರಲ್ಲಿ ಯಾರು ಯಾರಿಗಾಗಿ ಬಾಗಿದರೆಂದು ಪ್ರತಿಯೊಬ್ಬ ನೌಕರನೂ ತನ್ನ ಕಚೇರಿಯನ್ನು ಇಟ್ಟುಕೊಂಡು ಅರ್ಥಮಾಡಿಕೊಂಡ. ಆದ್ದರಿಂದಲೇ ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಇಷ್ಟವಿಲ್ಲ.

ನಾನು ಇದನ್ನು ಕಲಿತದ್ದು ಟೆಲಿವಿಷನ್ನಿನಿಂದಲ್ಲ. ನನ್ನ ಮೊದಲ ಕಂಪನಿಯಲ್ಲಿ, ಅದರ ಹೆಸರು ಬೇಡ, ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ವರದಿ ಬರೆಯುವುದರಿಂದ ಹಿಡಿದು ಗ್ರಾಹಕರ ಮುಂದೆ ಎಲ್ಲಿ ಕೂರಬೇಕೆಂಬುದರವರೆಗೆ ಎಲ್ಲವನ್ನೂ ಅವರೇ ಹೇಳಿಕೊಟ್ಟರು. ನಾನು ತಂದ ಚಿತ್ರಾನ್ನವನ್ನು ಮೊದಲು ತಿಂದವರೂ ಅವರೇ. ವಿಭಾಗದ ಮುಖ್ಯಸ್ಥರೊಂದಿಗೆ ಮನಸ್ತಾಪವಾಗಿ ಅವರು ಪ್ರತಿಸ್ಪರ್ಧಿ ಕಂಪನಿಗೆ ಹೋದರು. ಮರುದಿನ ಅವರ ಮೇಜು ಖಾಲಿಯಿತ್ತು. ಅವರ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ. ವಸಂತದ ಹೂವಿನ ಕೂಟಕ್ಕೆ ಅವರನ್ನೂ ಕರೆಯೋಣ ಎಂದು ನಾನು ಹೇಳಿದಾಗ, ಈಗ ನೀವು ಕಂಡ ಮೌನವನ್ನೇ ನಾನೂ ಕಂಡೆ. ಕಂಪನಿಯ ದೂರವಾಣಿ ಬಿಟ್ಟರೆ ಅವರ ಬೇರೆ ಸಂಖ್ಯೆ ನನ್ನಲ್ಲಿರಲಿಲ್ಲ, ಕೊಡಬಲ್ಲವರು ಕೊಡಲಿಲ್ಲ. ಇಷ್ಟು ವರ್ಷಗಳಲ್ಲಿ ಈ ದೇಶ ನನಗೆ ಮನೆ, ಮಾನ, ಮಕ್ಕಳಿಗೆ ಒಳ್ಳೆಯ ಶಾಲೆ ಎಲ್ಲವನ್ನೂ ಕೊಟ್ಟಿದೆ. ಆದರೂ ಅವರನ್ನು ಮತ್ತೆ ನೋಡಲಾಗಲಿಲ್ಲವೆಂಬ ಕೊರಗು ಹೋಗಿಲ್ಲ.

ಹೊರಹೋದವರ ಗತಿ ಏನಾಯಿತೆಂಬುದನ್ನೂ ತಿಳಿದುಕೊಳ್ಳಿ. ಇನಾಗಾಕಿ, ಕುಸಾನಾಗಿ, ಕತೊರಿ 2017ರ ಸೆಪ್ಟೆಂಬರಿನಲ್ಲಿ ಏಜೆನ್ಸಿ ಬಿಟ್ಟು ಈಜಿಮಾ ಅವರ ಜತೆ ಸೇರಿದರು. ಅಷ್ಟು ದೊಡ್ಡ ಕಲಾವಿದರಾಗಿದ್ದರೂ ಟೆಲಿವಿಷನ್ನಿನಲ್ಲಿ ಅವರ ನಿಯಮಿತ ಕಾರ್ಯಕ್ರಮಗಳು ಬಹುತೇಕ ನಿಂತವು. ಅವರನ್ನು ಬಳಸದಂತೆ ವಾಹಿನಿಗಳ ಮೇಲೆ ಒತ್ತಡ ಹೇರಿದ ಶಂಕೆಯ ಮೇಲೆ, ನಿಯಮಭಂಗವಾಗಿದೆ ಎಂದು ತೀರ್ಮಾನಿಸದೆಯೂ, ನ್ಯಾಯಯುತ ವ್ಯಾಪಾರ ಆಯೋಗ 2019ರ ಜುಲೈನಲ್ಲಿ ಏಜೆನ್ಸಿಯನ್ನು ಎಚ್ಚರಿಸಿತು. 2017ರ ನವೆಂಬರಿನಲ್ಲಿ ಅಂತರಜಾಲ ವಾಹಿನಿಯೊಂದರಲ್ಲಿ 72 ಗಂಟೆಗಳ ನೇರಪ್ರಸಾರ ನಡೆಸಿದ ಮೂವರೂ ಹಮಾಮತ್ಸುವಿನ ಪಂದ್ಯದ ಅಂಗಳಕ್ಕೆ ಹೋಗಿ, 21 ವರ್ಷಗಳ ನಂತರ ಮೊರಿಯನ್ನು ತಬ್ಬಿಕೊಂಡರು. ನಾನು ಕಂಡ ಅತ್ಯಂತ ಒಳ್ಳೆಯ ಪ್ರಸಾರ ಅದೇ. ಮೊರಿ 2020ರಲ್ಲಿ ತಮ್ಮ ಕ್ರೀಡೆಯ ರಾಷ್ಟ್ರೀಯ ಪ್ರಶಸ್ತಿ ಗೆದ್ದರು, ಮರುವರ್ಷ ಭೀಕರವಾಗಿ ಗಾಯಗೊಂಡರೂ 2023ರಲ್ಲಿ ಅಂಗಳಕ್ಕೆ ಮರಳಿದರು. ಇನ್ನೊಂದು ಕಡೆ, ಜಾನಿ ಕಿತಾಗಾವಾ ದಶಕಗಳ ಕಾಲ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು 2023ರಲ್ಲಿ ಏಜೆನ್ಸಿಯೇ ಒಪ್ಪಿಕೊಂಡು ತನ್ನ ಹೆಸರನ್ನು ಬದಲಾಯಿಸಿತು. ನಕಾಯಿ 2025ರ ಜನವರಿಯಲ್ಲಿ, ಮಹಿಳೆಯೊಬ್ಬರಿಗೆ ಸಂಬಂಧಿಸಿದ ಗಂಭೀರ ಪ್ರಕರಣ ಬಯಲಾದ ಮೇಲೆ, ರಂಗದಿಂದ ನಿವೃತ್ತರಾದರು. ನಿಮ್ಮ ಕಚೋ ಅವರ ಕಣ್ಣೀರಿನಲ್ಲಿ ಇದೆಲ್ಲವೂ ಇದ್ದಿರಬೇಕು. ತಾವು ಪ್ರೀತಿಸಿದ್ದರ ಹಿಂದೆ ಇಂಥದ್ದಿತ್ತೆಂದು ತಿಳಿದವರ ನೋವನ್ನು ಪ್ರಶ್ನೆ ಕೇಳಿ ಕೆದಕಬೇಡಿ. ಮುಂದಿನ ಸಲ ಅವರು ಹಾಡಿದಾಗ ಜೊತೆಗೆ ಹಾಡಿ. ಪಲ್ಲವಿ ಕಲಿಯುವುದು ಕಷ್ಟವಲ್ಲ.

ಈಗ ನಿಮ್ಮ ರಾಜೀನಾಮೆ. ಅವಧಿ ಗೊತ್ತುಮಾಡದ ನೌಕರಿಯಾದರೆ ಕಾನೂನಿನ ಪ್ರಕಾರ ಎರಡು ವಾರ ಮುಂಚೆ ತಿಳಿಸಿದರೆ ಸಾಕು, ಕಂಪನಿಯ ನಿಯಮ ಸಾಮಾನ್ಯವಾಗಿ ಒಂದು ತಿಂಗಳು ಕೇಳುತ್ತದೆ, ನೀವು ಎರಡು ತಿಂಗಳು ಕೊಡಿ. ಮೊದಲು ಕಚೋ ಒಬ್ಬರಿಗೇ, ಬೇರೆ ಕೋಣೆಯಲ್ಲಿ, ಬಾಯಿಮಾತಿನಲ್ಲಿ ಹೇಳಿ. ಅವರಿಗಿಂತ ಮೊದಲು ಕ್ಯಾಂಟೀನಿನ ಗೆಳೆಯನಿಗೂ, ನಮ್ಮ ಕನ್ನಡದವರಿಗೂ ಹೇಳಬೇಡಿ. ದೂರು ಎಷ್ಟೇ ನಿಜವಾಗಿದ್ದರೂ ಕಾರಣವಾಗಿ ಅದನ್ನು ಮುಂದಿಡಬೇಡಿ, ಮುಂದೆ ಮಾಡಬೇಕೆಂದಿರುವ ಕೆಲಸದ ಮಾತಾಡಿ. ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಬರೆದು ಒಪ್ಪಿಸಿ, ಕೊನೆಯ ದಿನ ಸಿಹಿಯ ಪೊಟ್ಟಣ ಹಿಡಿದು ಪ್ರತಿ ಮೇಜಿಗೂ ಹೋಗಿ ವಂದಿಸಿ. ಗೆನ್ಸೆನ್ ಚೋಶೂಹ್ಯೋ ಎಂಬ ಸಂಬಳ ಮತ್ತು ತೆರಿಗೆ ಕಡಿತದ ಚೀಟಿಯನ್ನೂ ಕೆಲಸ ಬಿಟ್ಟ ಬಿಡುಗಡೆ ಪತ್ರವನ್ನೂ ಪಡೆಯದೆ ಹೊರಡಬೇಡಿ, ಕಂಪನಿ ಬದಲಾದ 14 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಿ. ನಿಮಗೆ ಕೆಲಸ ಕಲಿಸಿದವರ ಸ್ವಂತ ದೂರವಾಣಿ ಸಂಖ್ಯೆಯನ್ನು ರಾಜೀನಾಮೆಯ ಮಾತೆತ್ತುವ ಮೊದಲೇ, ಈ ವಾರವೇ, ಕೇಳಿ ಬರೆದಿಟ್ಟುಕೊಳ್ಳಿ. ಹೊಸ ಕಂಪನಿಯ ಕರಾರನ್ನು ಸಹಿ ಮಾಡುವ ಮೊದಲು ನನಗೆ ತೋರಿಸಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.