ಬೋರ್ಡ್ ನೋಡಿದ್ರಿ, ಸ್ಪ್ಯಾನರ್ ನೋಡಿದ್ರಾ ಮೇಷ್ಟ್ರೇ?

ಸಕಲೇಶಪುರ ಕಡೆಯ ನಿವೃತ್ತ ಮೇಷ್ಟ್ರೊಬ್ರು ಬರೆದಿದಾರೆ: "ನಮ್ಮೂರ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಾಯಕಲ್ಪ ಪ್ರಶಸ್ತಿ ಬಂದಿದೆ, ಬಾಗಿಲಲ್ಲೇ ಬೋರ್ಡ್ ಹಾಕಿದಾರೆ. ಆದ್ರೂ ಸರ್ಕಾರಿ ಆಸ್ಪತ್ರೆ ಅಂದ್ರೆ ನಿಮ್ಮ ಪತ್ರಿಕೆಗೆ ಯಾಕಿಷ್ಟು ಕೊಂಕು?"

ಮೇಷ್ಟ್ರೇ, ಪ್ರಶಸ್ತಿ ಬಂದಿದ್ದು ಖುಷಿನೇ, ಗುಡಿಸಿ ಒರೆಸಿದೋರಿಗೆ ನಮ್ಮದೂ ಒಂದು ನಮಸ್ಕಾರ. ಆದ್ರೆ 2015ರಲ್ಲಿ ಶುರುವಾದ ಈ ಕಾಯಕಲ್ಪ ಇದೆಯಲ್ಲ, ಅದು ಮುಖ್ಯವಾಗಿ ಸ್ವಚ್ಛತೆಗೆ, ಸೋಂಕು ತಡೆಯೋದಕ್ಕೆ ಕೊಡೋ ಮಾರ್ಕ್ಸು ಕಣ್ರೀ. ರೋಗಿ ಬಂದ್ರೆ ನೋಡ್ಕೊಳ್ಳೋಕೆ ಆಸ್ಪತ್ರೆ ರೆಡಿ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಒಂದ್ಸಲ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದ ಲೈನ್ ಮನೇಲಿ (ಕೂಲಿಯೋರ ಸಾಲುಮನೇಲಿ) ಇರೋ ಅಜ್ಜಿಗೆ ದಮ್ಮು ಕಟ್ಟಿ, ಜೀಪಲ್ಲಿ ಹಾಕ್ಕೊಂಡು ಒಂದು ಆಸ್ಪತ್ರೆಗೆ ಹೋದ್ವಿ. ಆಕ್ಸಿಜನ್ ಸಿಲಿಂಡರ್ ಇತ್ತು, ಫುಲ್ ಇತ್ತು, ಒಂಚೂರು ಧೂಳಿಲ್ಲ, ಅದರ ವಾಲ್ವ್ ತಿರುಗಿಸೋ ಸ್ಪ್ಯಾನರ್ ಮಾತ್ರ ಇಲ್ಲ! ನರ್ಸಮ್ಮ ಪಾಪ ಮೂರು ಡ್ರಾಯರ್ ಕಿತ್ತು ಹಾಕಿದ್ರು, ಕೊನೆಗೆ ಜೀಪ್ ಡ್ರೈವರ್‌ನ ಟೂಲ್ ಬಾಕ್ಸೇ ಗತಿ. ಪಟ್ಟೀಲಿ ಮಾತ್ರ "ಆಕ್ಸಿಜನ್: ಇದೆ".

ಇನ್ನೊಂದು ಕಡೆ ಲಸಿಕೆ ಇಡೋ ಫ್ರಿಜ್ಜು. ಅದು 2ರಿಂದ 8 ಡಿಗ್ರಿ ಒಳಗಿರ್ಬೇಕು, ದಿನಕ್ಕೆರಡು ಸಲ ನೋಡಿ ಬರೀಬೇಕು. ನಾನು ಹೋಗಿದ್ದು ಬೆಳಗ್ಗೆ ಹನ್ನೊಂದಕ್ಕೆ, ಸಂಜೆಯ ಟೆಂಪರೇಚರ್ ಆಗ್ಲೇ ಬರೆದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯೋರು ಆಸ್ಪತ್ರೆ ಸಮೀಕ್ಷೆಗೆ ಹೋಗೋರಿಗೆ ಇದನ್ನೇ ಹೇಳೋದು, ಬಿಪಿ ಮೆಷಿನ್ ಇದೆಯಾ ಅಂತ ಕೇಳಿ ಬರಬೇಡಿ, ಕಣ್ಣಾರೆ ನೋಡಿ, ಕೆಲಸ ಮಾಡುತ್ತಾ ತಿಳ್ಕೊಳ್ಳಿ ಅಂತ. ನಮ್ಮ ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟದ ಮಾಪನದಲ್ಲೂ ನೋಡೋದು, ಸಿಬ್ಬಂದಿನ ಕೇಳೋದು, ದಾಖಲೆ ತೆಗೆಸೋದು, ರೋಗಿನ ಮಾತಾಡ್ಸೋದು ಅಂತ ನಾಲ್ಕು ದಾರಿ ಇದೆ, ಒಂದೊಂದು ಅಂಶಕ್ಕೂ 0, 1, 2 ಮಾರ್ಕ್ಸು. ಕಾಗದದ ಮೇಲೆ ಚೆನ್ನಾಗೇ ಇದೆ. ಆದ್ರೆ ಮಾರ್ಕ್ಸ್ ಹಾಕೋರು ಬರೋ ದಿನ ಮೊದಲೇ ಗೊತ್ತಾದ್ರೆ? ಇನ್‌ಸ್ಪೆಕ್ಟರ್ ಬರ್ತಾರೆ ಅಂದಾಗ ಜಾಣ ಹುಡುಗರನ್ನ ಮುಂದಿನ ಬೆಂಚಿಗೆ ತಂದು ಕೂರಿಸಿದೋರು ನೀವು, ನಿಮಗೆ ನಾನು ಹೇಳ್ಬೇಕಾ!

ಸರ್ಕಾರದ ಲೆಕ್ಕದಲ್ಲಿ ಗುಡ್ಡಗಾಡಲ್ಲಿ 20,000 ಜನಕ್ಕೊಂದು ಪಿಎಚ್‌ಸಿ, ಬಯಲಲ್ಲಿ 30,000ಕ್ಕೆ. ಆದ್ರೆ ಜನ ಎಣಿಸಿದೋರು ನಮ್ಮ ತಿರುವು, ಹಳ್ಳ, ಬಿದ್ದ ಮರ ಎಣಿಸಿಲ್ಲ. ಕಾರಿದ್ದೋರು ಹಾಸನಕ್ಕೋ, ಘಾಟಿ ಇಳಿದು ಮಂಗಳೂರಿಗೋ ಹೋಗ್ತಾರೆ, ಹಾಗಾಗಿ ಊರಿನ ಆಸ್ಪತ್ರೇಲಿ ಏನಿಲ್ಲ ಅಂತ ಜೋರಾಗಿ ಕೇಳೋ ಬಾಯೇ ಇಲ್ಲದಂಗಾಗಿದೆ. ಲೈನ್ ಮನೆಯೋರು ಕೇಳಿದ್ರೆ ಯಾರಿಗೆ ಕೇಳ್ಸುತ್ತೆ?

ಮೇಷ್ಟ್ರೇ, ಕೋಪ ಬೇಡ. ಬರೋ ವಾರ ಯಾವ್ದಾದ್ರೂ ದಿನ ಹೇಳ್ದೆ ಕೇಳ್ದೆ ಹೋಗಿ, ಸಿಲಿಂಡರ್ ಪಕ್ಕ ಸ್ಪ್ಯಾನರ್ ದಾರದಲ್ಲಿ ಕಟ್ಟಿದಾರಾ ನೋಡಿ. ಕಟ್ಟಿದ್ರೆ ಬರೀರಿ, ಮುಂದಿನ ಸಂಚಿಕೇಲಿ ಬೋರ್ಡಿನ ಫೋಟೋ ಸಮೇತ ಹಾಕ್ತೀವಿ.